ಜೋಳದ ಕಾಳು ಸುಮ್ಮನಾದ ಹೊತ್ತು

ಮೊನ್ನೆ ನೀವು ಮೊಮ್ಮಕ್ಕಳು ಅಡುಗೆಮನೆಯಲ್ಲಿ, ನಾನು ಸೌಟುಗಳನ್ನು ನಿಲ್ಲಿಸುವ ಬಿಳಿ ಪೈಪಿನ ತುಂಡನ್ನು ಎತ್ತಿಕೊಂಡು, "ಅಜ್ಜಿ, ಇದೇನು?" ಎಂದು ಕೇಳಿದಿರಿ. ನಿಂತಲ್ಲೇ ಹೇಳಿ ಮುಗಿಸುವ ಕಥೆಯಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ಅದು ಕಾರಿನ ಡಿಕ್ಕಿಯಲ್ಲಿಡುವ, ತಗ್ಗಿನ ಸ್ವರಗಳನ್ನು ನುಡಿಸುವ ಸಬ್‌ವೂಫರ್ ಪೆಟ್ಟಿಗೆಯ ಪೈಪು. ಮೂಸಿದರೆ ಈಗಲೂ ಅಂಟಿನ ವಾಸನೆ ಬಂದಂತಾಗುತ್ತದೆ...

ಮಿಯಾಪುರದ ನಮ್ಮ ಹಳೆಯ ಮನೆಯ ಎದುರಿಗೆ, ಕಾರುಗಳಿಗೆ ಸ್ಪೀಕರ್ ಪೆಟ್ಟಿಗೆ ಮಾಡಿಕೊಡುವವರೊಬ್ಬರ ಅಂಗಡಿ ಇತ್ತು. ಕಲಬುರಗಿ ಕಡೆಯವರು. ನಾವು ಭಾಯಿ ಎನ್ನುತ್ತಿದ್ದೆವು.

ನಿಮ್ಮ ಅಜ್ಜ ಭಜನೆಯಲ್ಲಿ ತಬಲಾ ಬಾರಿಸುತ್ತಿದ್ದರು. ಕಾರ್ಖಾನೆಯ ಯಂತ್ರಗಳ ನಡುವೆ ದುಡಿದೂ ದುಡಿದೂ ಕಿವಿ ಮಂದವಾಯಿತು. ಹತ್ತಿರ ನಿಂತು ಹೇಳಿದ ಮಾತು ತಿಳಿಯುತ್ತಿತ್ತು, ಹಾಡು ಮಾತ್ರ ಕಲಸಿಹೋಗುತ್ತಿತ್ತು. ಭಜನೆಗೆ ಹೋಗುವುದನ್ನು ಬಿಟ್ಟರು. ತಬಲಾಕ್ಕೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದರು. ಮನೆಯಲ್ಲಿ ಮಾತೂ ಕಡಿಮೆಯಾಯಿತು.

ಒಂದು ದಿನ ಅಂಗಡಿಯ ಮುಂದೆ ಯಾರದೋ ಕಾರಿನಲ್ಲಿ ಹಾಡು ನಡೆದಿತ್ತು. ಅಜ್ಜ ಅದರ ಡಿಕ್ಕಿಯ ಮೇಲೆ ಅಂಗೈ ಊರಿ ನಿಂತಿದ್ದರು. ತಗಡಿನ ಅದುರಿಗೆ ಬೆರಳುಗಳು ತಾಳ ಹಾಕುತ್ತಿದ್ದವು. ಭಾಯಿ ಅದನ್ನು ನೋಡಿದರು.

"ಅಣ್ಣಾರ, ನಿಮ್ ಗಾಡಿಗೂ ಒಂದ್ ಪೆಟ್ಟಿಗಿ ಮಾಡೋಣ್ರಿ. ಕಿವಿ ರಿಟೈರ್ ಆದ್ರ ಆಗ್ಲಿ, ಬೆನ್ನಿಗಿ ಡ್ಯೂಟಿ ಹಾಕೋಣ."

ಮೊದಲ ಪೆಟ್ಟಿಗೆ ಸರಿಬರಲಿಲ್ಲ. ಡಗ್ಗಾದ, ಅಂದರೆ ತಬಲಾದ ಎಡಭಾಗದ, ಪೆಟ್ಟುಗಳೆಲ್ಲ ಒಂದೇ ಥರ ಗುಮ್ಮೆಂದವು. "ಭಾಯಿ, ಇದು ಡಗ್ಗಾ ಅಲ್ಲ. ಯಾರೋ ಖಾರ ಕುಟ್ಟಾಕತ್ತಾರ" ಎಂದರು ಅಜ್ಜ.

ಭಾಯಿ ನಕ್ಕು ಪೆಟ್ಟಿಗೆ ಇಳಿಸಿಕೊಂಡರು. ಹಾಡು ಹಚ್ಚಿ, ಊದಿನಕಡ್ಡಿಯನ್ನು ಸಂದುಗಳ ಗುಂಟ ಹಿಡಿದು, ಹೊಗೆ ಅಲುಗಿದಲ್ಲೆಲ್ಲ ಅಂಟು ತುಂಬಿದರು. ಹಲಗೆ ನಡುಗದಂತೆ ಒಳಗೆ ಅಡ್ಡಪಟ್ಟಿ ಕೊಟ್ಟರು. ಗಾಳಿ ಓಡಾಡುವ ಪೈಪು ಗಿಡ್ಡವಾಗಿದೆ, ಉದ್ದ ಮಾಡಿದರೆ ಪೆಟ್ಟಿಗೆ ಇನ್ನೂ ಕೆಳಗಿನ ಸ್ವರಕ್ಕೆ ಇಳಿಯುತ್ತದೆ ಎಂದು ಬೇರೆ ಪೈಪು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ವೈನಿ, ಒಂದ್ ಹಿಡಿ ಜ್ವಾಳ ಕೊಡ್ರಿ. ರೊಟ್ಟಿಗಲ್ಲ, ಅಂಜಬ್ಯಾಡ್ರಿ."

ಪೆಟ್ಟಿಗೆಯನ್ನು ಅಂಗಾತ ಮಲಗಿಸಿ, ಸ್ಪೀಕರಿನ ಮೇಲೆ ಕಾಳು ಹರಡಿ, ಒಂದೇ ಸ್ವರ ನುಡಿಸಿ ಅದರ ಶ್ರುತಿಯನ್ನು ಮೆಲ್ಲಗೆ ಇಳಿಸುತ್ತ ಹೋದರು. ಕಾಳುಗಳು ಕುಣಿದವು. ಸ್ವರ ಒಂದು ಮಟ್ಟಕ್ಕೆ ಬಂದಾಗ ಸುಮ್ಮನಾದವು. ಸ್ವರ ಮಾತ್ರ ನೆಲದಲ್ಲಿ ಗುಡುಗುತ್ತಲೇ ಇತ್ತು. ಕೆಟ್ಟುಹೋಯಿತು ಎಂದುಕೊಂಡೆ ನಾನು. ಪೈಪಿನ ಬಾಯಿಗೆ ಕೈ ಹಿಡಿಯಲು ಭಾಯಿ ಸನ್ನೆ ಮಾಡಿದರು. ಗಾಳಿ ಅಂಗೈಗೆ ಬಡಿಯಿತು.

"ಈಗ ಸ್ಪೀಕರ್ ದಣಿಯಂಗಿಲ್ರಿ. ಉಸಿರೆಲ್ಲ ಪೈಪಿಂದು."

ಕಾಳು ಸುಮ್ಮನಾಗುವ ಸ್ವರ ಡಗ್ಗಾದ ಸ್ವರಕ್ಕಿಂತ ತುಸು ಕೆಳಗೆ ಬರುವ ತನಕ ಅವರು ಪೈಪು ಬದಲಿಸುತ್ತಲೇ ಇದ್ದರು. ಅಂಥ ತಾಳ್ಮೆಯನ್ನು ನಾನು ಮತ್ತೆ ಯಾರಲ್ಲೂ ಕಂಡಿಲ್ಲ.

ಸಂಜೆ ಅಜ್ಜ ಕಾರಿನಲ್ಲಿ ಕೂತು ಭಜನೆ ಹಚ್ಚಿಸಿದರು. ಸೀಟಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದರು. ಡಗ್ಗಾದ ಮೇಲೆ ಅಂಗೈ ಒತ್ತಿ ಸರಿಸಿದಾಗ ಸ್ವರ ಜಾರುತ್ತದಲ್ಲ... ಅದು ಜಾರಿದಾಗ ಅವರ ಅಂಗೈಯೂ ತೊಡೆಯ ಮೇಲೆ ಜೊತೆಯಲ್ಲೇ ಜಾರಿತು. ಭಾಯಿ ಮುಖ ಆಚೆ ತಿರುಗಿಸಿ ಕೈಯ ಅಂಟು ಒರೆಸಿಕೊಂಡರು. ಮನೆಗೆ ಬಂದವರೇ ಅಜ್ಜ, "ಏಣಿ ಎಲ್ಲೈತಿ?" ಎಂದರು.

ಮುಂದಿನ ಭಜನೆಗೆ ತಬಲಾ ಹೊತ್ತುಕೊಂಡು ಹೋದರು.

ಅಜ್ಜ ತೀರಿಕೊಂಡ ಮೇಲೆ ಪೆಟ್ಟಿಗೆಯ ಸಮೇತ ಕಾರು ಮಾರಿಹೋಯಿತು. ಭಾಯಿಯೂ ತೀರಿಹೋದ ಸುದ್ದಿ ತಡವಾಗಿ ಬಂತು... ಅವರು ಮೊದಲು ತೆಗೆದುಹಾಕಿದ ಗಿಡ್ಡ ಪೈಪು ಮಾತ್ರ ನನ್ನ ಹತ್ತಿರ ಉಳಿದಿದೆ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಅದಕ್ಕೆ ಬಾಯಿಟ್ಟು ಊದಿದಾಗ, ಈ ತುದಿಗೆ ನಾನು ಸುಮ್ಮನೆ ಅಂಗೈ ಹಿಡಿದಿದ್ದೆ.