ಬೆಳಕಿಂಡಿಯ ಬೆವರು

ನಮ್ಮಕ್ಕ ತಾರಸಿ ಕೆಲಸದವಳು. ತಾರಸಿಗೆ ನೀರಿಳಿಯದಂತೆ ಶೀಟು ಹಾಸುವುದು, ಚಳಿ ಬಿಸಿಲು ತಾಕದಂತೆ ಅದರಡಿ ಫೋಮ್ ಹಲಗೆ ಕೂರಿಸುವುದು ಅವಳ ಕಸುಬು. ಹೆಂಗಸು ಏಣಿ ಹತ್ತುತ್ತಾಳೆಂದು ಮೂಗು ಮುರಿದವರೆಲ್ಲ ಈಗ ಮನೆ ಸೋರಿದರೆ ಮೊದಲು ಅವಳಿಗೇ ಫೋನ್ ಮಾಡುತ್ತಾರೆ. ನನಗೋ ಏಣಿಯ ಮೂರನೇ ಮೆಟ್ಟಿಲಿಗೇ ತಲೆ ತಿರುಗುತ್ತದೆ. ಅದಕ್ಕೇ ನೆಲದ ಮೇಲೆ ನಿಂತು ಮಾಡುವ ಕೆಲಸ ಹಿಡಿದೆ. ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತೇನೆ.

ಅಕ್ಕನಿಗೆ ಕಸುಬು ಕಲಿಸಿದ್ದು ಅಪ್ಪ. ಹದಿನೆಂಟು ವರ್ಷ ಅವನು ಅಳತೆ ಹೇಳಿದ, ಅವಳು ಹಲಗೆ ಕೊಯ್ದಳು. ಅವನು ಅಳೆದದ್ದನ್ನು ಅವಳು ಇನ್ನೊಮ್ಮೆ ಅಳೆದರೆ ಸಿಡುಕುತ್ತಿದ್ದ. ಮಂಡಿ ನೋವಿನಿಂದ ಮನೆಯಲ್ಲಿ ಕುಳಿತ ಮೇಲೂ ಅಕ್ಕ ದಿನಾ ಊಟಕ್ಕೆ ಮುಂಚೆ ತನ್ನ ಕೆಲಸ ಒಪ್ಪಿಸಬೇಕಿತ್ತು. ಎರಡು ತಪ್ಪು ಹುಡುಕದೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ನಮ್ಮ ಲಾಂಡ್ರಿಯ ತಾರಸಿ ಅವರಿಬ್ಬರೂ ಸೇರಿ ಮಾಡಿದ ಕೊನೆಯ ಕೆಲಸ. ಇಸ್ತ್ರಿ ಮೇಜುಗಳ ನೆತ್ತಿಗೆ ಸರಿಯಾಗಿ ನಾಲ್ಕು ಬೆಳಕಿಂಡಿಗಳಿವೆ: ಚೌಕ ಕಿಂಡಿ, ಅದರ ಸುತ್ತ ತಾರಸಿಯ ಮೇಲೆ ಗೇಣೆತ್ತರದ ಕಾಂಕ್ರೀಟ್ ಕಟ್ಟೆ, ಕಟ್ಟೆಯ ಮೇಲೆ ಗಾಜು. ಹೋದ ವರ್ಷ ಹಬೆ ಬಿಡುವ ಹೊಸ ಇಸ್ತ್ರಿಗಳು ಬಂದವು. ಚಳಿ ಶುರುವಾದದ್ದೇ ತಡ, ಕಟ್ಟೆಗಳ ಒಳಬದಿಯಿಂದ ನೀರು ತೊಟ್ಟಿಕ್ಕತೊಡಗಿತು. ಒಗೆದು ಮಡಿಸಿದ ಬಿಳಿ ಹಾಸುಬಟ್ಟೆಗಳ ಮೇಲೆ ಕೊಳೆ ಹನಿ. ಯಜಮಾನ ಯಾರನ್ನೋ ಕರೆಸಿ ತಾರಸಿಗೆಲ್ಲ ಡಾಂಬರು ಬಳಿಸಿದ, ನಿಲ್ಲದಿದ್ದಾಗ ಮತ್ತೊಂದು ಸಲ ಬಳಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹನಿ ಬೀಳುತ್ತಲೇ ಇತ್ತು.

"ನಿಮ್ಮಪ್ಪ ಹಾಕಿದ ತಾರಸಿ ಸೋರ್ತಾ ಇದೆ. ಕೇಳಿದೋರಿಗೆಲ್ಲ ಅದನ್ನೇ ಹೇಳ್ತೀನಿ," ಎಂದ ಯಜಮಾನ ನನ್ನೆದುರೇ.

ನನಗೆ ಮೈಯೆಲ್ಲ ಉರಿಯಿತು. ನಲವತ್ತು ವರ್ಷದಲ್ಲಿ ತನ್ನ ಒಂದು ತಾರಸಿಯೂ ಸೋರಿಲ್ಲ ಎಂಬುದಷ್ಟೇ ಅಪ್ಪನ ಆಸ್ತಿ. ಮನೆಗೆ ಹೋದವಳೇ ಅಕ್ಕನಿಗೆ ಹೇಳಿದೆ. ಮರುದಿನ ಅವಳು ಬಂದು ತಲೆಯೆತ್ತಿ ನೋಡುತ್ತ ನಿಂತಳು.

"ಮಳೆ ಬಂದು ಎಷ್ಟು ದಿನ ಆಯ್ತೇ?"

"ತಿಂಗಳ ಮೇಲಾಯ್ತು."

"ಹನಿ ಯಾವಾಗ ಜಾಸ್ತಿ?"

"ಬೆಳಿಗ್ಗೆ, ಇಸ್ತ್ರಿ ಹಬೆ ಎದ್ದ ಮೇಲೆ."

ಅಕ್ಕ ಯಜಮಾನನ ಕಡೆ ತಿರುಗಿದಳು. "ಬಟ್ಟೆಗೆ ಹಾಕೋ ನೀಲಿ ಇದ್ದಷ್ಟೂ ಕೊಡಿ ಯಜಮಾನ್ರೇ. ತಾರಸಿ ಸೋರ್ತಿದ್ರೆ ನಾಳೆ ನೀಲಿ ಹನಿ ಬೀಳುತ್ತೆ. ಆಗ ನೀವು ಯಾರಿಗೆ ಬೇಕಾದ್ರೂ ಹೇಳಿ."

ಮೇಲೆ ಹತ್ತಿ ನೀರಿಳಿಯುವ ಕೊಳವೆಗಳ ಬಾಯಿಗೆ ಚಿಂದಿ ತುರುಕಿ, ತಾರಸಿಯ ತುಂಬ ನೀಲಿ ನೀರು ನಿಲ್ಲಿಸಿದಳು. ಕಟ್ಟೆಗೂ ಗಾಜಿನ ಸಂದುಗಳಿಗೂ ಕೊಡಗಟ್ಟಲೆ ಸುರಿದಳು. ಮರುದಿನ ಬೆಳಿಗ್ಗೆ ಅಪ್ಪನನ್ನೂ ಕರೆತಂದಳು. ನಾನು ಹೊಸ ಬಿಳಿ ಬಟ್ಟೆ ಹಾಸಿ ಹಬೆ ಬಿಟ್ಟೆ. ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತೆವು.

ಒಂದು ಹನಿ ಬಿತ್ತು, ಮತ್ತೊಂದು ಬಿತ್ತು. ಬಟ್ಟೆ ಒದ್ದೆಯಾಯಿತು, ನೀಲಿಯಾಗಲಿಲ್ಲ.

"ಇದು ಸೋರಿದ್ದಲ್ಲ, ಬೆವರಿದ್ದು," ಎಂದಳು ಅಕ್ಕ. "ಹೊರಗಿನ ಚಳಿಗೆ ಕಟ್ಟೆ ತಣ್ಣಗಿರುತ್ತೆ. ಕೆಳಗಿನ ಹಬೆ ಹೋಗಿ ತಾಕಿದ್ರೆ, ತಣ್ಣೀರಿನ ಚೊಂಬಿನ ಮೈ ಒದ್ದೆ ಆಗುತ್ತಲ್ಲ, ಹಾಗೆ."

ಅಪ್ಪನ ಬೆನ್ನು ನೆಟ್ಟಗಾಯಿತು. ಯಜಮಾನನಿಗೆ ಹೇಳಬೇಕೆಂದಿದ್ದ ಮಾತೆಲ್ಲ ನನ್ನ ನಾಲಿಗೆ ತುದಿಗೆ ಬಂತು. ಆದರೆ ಅಕ್ಕ ಮುಗಿಸಿರಲಿಲ್ಲ.

"ಆದ್ರೆ ತಪ್ಪು ನಮ್ಮದೇ. ತಾರಸಿಗೆಲ್ಲ ಫೋಮ್ ಹಾಸಿ ಕಟ್ಟೆಗಳನ್ನ ಬರೀಮೈಲಿ ಬಿಟ್ಟಿದೀವಿ. ನಾವೇ ಸರಿ ಮಾಡಿಕೊಡ್ತೀವಿ."

ಇವಳಿಗೇನು ಹುಚ್ಚೇ ಎಂದುಕೊಂಡೆ. ಗೆದ್ದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಯಾರಿಗೆ ತಿಳಿಯುತ್ತಿತ್ತು?

"ಆಗ ಕಟ್ಟೆಗೆ ಯಾರೂ ಹಾಕ್ತಿರಲಿಲ್ಲ," ಎಂದ ಅಪ್ಪ ಮೆಲ್ಲಗೆ.

"ಗೊತ್ತಪ್ಪ. ನಾವು ಹಾಕಬೇಕಿತ್ತು."

ಯಜಮಾನ ಒದ್ದೆ ಬಟ್ಟೆಯನ್ನೂ ಅವಳನ್ನೂ ನೋಡಿದ. "ತಾರಸಿ ಸೋರ್ತಿಲ್ಲ ಅಂತಾನೇ ಹೇಳ್ತೀನಮ್ಮ," ಎಂದ. ಅಪ್ಪ ಮಾತ್ರ ಆ ದಿನ ಊಟಕ್ಕೆ ಮುಂಚೆ ಕೆಲಸ ಒಪ್ಪಿಸೆಂದು ಕೇಳಲಿಲ್ಲ.

ಅಕ್ಕ ನಾಲ್ಕೂ ಕಟ್ಟೆಗಳಿಗೆ ಹೊರಗಿನಿಂದ ಫೋಮ್ ಹಲಗೆ ಸುತ್ತಿದಳು. ತಾರಸಿಯ ಫೋಮಿಗೂ ಕಟ್ಟೆಯ ಫೋಮಿಗೂ ನಡುವೆ ಉಗುರು ತೂರುವಷ್ಟು ಸಂದು ಬಿಟ್ಟರೂ ಅಲ್ಲಿಂದಲೇ ಮತ್ತೆ ಬೆವರುತ್ತದೆಯಂತೆ. ಆಮೇಲೆ ಶೀಟನ್ನು ಮೇಲಕ್ಕೆ ಮಡಚಿ ಗಾಜಿನ ಚೌಕಟ್ಟಿನಡಿ ಸೇರಿಸಿದಳು. ಆ ಚಳಿಗಾಲದಲ್ಲಿ ಮತ್ತೆ ಹನಿ ಬೀಳಲಿಲ್ಲ. ಈಗ ಮೇಜಿನ ಬಳಿ ಹೊಸಬರು ಯಾರು ಬಂದರೂ ತಲೆಯೆತ್ತಿ ತೋರಿಸುತ್ತೇನೆ, ನಮ್ಮಕ್ಕನ ಕೆಲಸ ಎಂದು. ಆದರೆ ನನ್ನ ಎದೆಯುಬ್ಬುವುದು ಆ ಕೆಲಸದ ಮೊದಲ ದಿನ ನೆನೆದಾಗ.

ಅಂದು ಕರೆಯದಿದ್ದರೂ ಅಪ್ಪ ಬಂದಿದ್ದ. ಅಂಗಳದಲ್ಲಿ ಬಕೆಟ್ ಬೋರಲು ಹಾಕಿ ಕುಳಿತು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡ. ಚೂರಿಯ ಅಲಗನ್ನು ಬೆರಳಲ್ಲಿ ಮುಟ್ಟಿ ನೋಡಿದ. ಅಕ್ಕ ತಾರಸಿಯ ಅಂಚಿನಲ್ಲಿ ಟೇಪು ಹಿಡಿದು ನಿಂತಿದ್ದಳು.

"ಅಳತೆ ಹೇಳು ಮೇಸ್ತ್ರಿ," ಎಂದ ಅಪ್ಪ.

ಅಕ್ಕ ಟೇಪು ನೋಡಿ ಹೇಳಿದಳು. ಅವನು ಇನ್ನೊಮ್ಮೆ ಕೇಳದೆ ಕೊಯ್ದ.