ಮೂರು ಡ್ರಮ್ಮು, ಒಬ್ಬರು ಅತ್ತೆ

ನಮ್ಮ ಬೀದಿಯ ಟೈಲರ್ ಮಾಸ್ಟರು ಬಟ್ಟೆಯ ವಿಷಯದಲ್ಲಿ ಎಡವಿದವರಲ್ಲ. ಒಂದೇ ಥರದ ಬಿಳಿ ಶರಟಿನ ಬಟ್ಟೆಗಳನ್ನು ರಾಶಿ ಹಾಕಿದರೂ ಯಾವುದು ಯಾರದೆಂದು ಮುಟ್ಟಿ ಹೇಳುತ್ತಾರೆ. ಅಂಥವರು ಮೂರು ಅಂಜೂರದ ಗಿಡಗಳ ಮುಂದೆ ಕಣ್ಣು ಕಣ್ಣು ಬಿಡುವಂತಾಯಿತು.

ರಸ್ತೆ ಅಗಲ ಮಾಡುವಾಗ, ತೀರಿಕೊಂಡಿದ್ದ ಅವರ ಅತ್ತೆಯ, ಅಂದರೆ ಹೆಂಡತಿಯ ತಾಯಿಯ, ಹಳೇ ಮನೆ ಹೋಯಿತು; ಹಿತ್ತಲಿನ ಅಂಜೂರದ ಮರವೂ ಹೋಯಿತು. ಮರ ಉರುಳುವ ಮುನ್ನ ಮಾಸ್ಟರು ಒಂದು ಕಡ್ಡಿ ಕತ್ತರಿಸಿ ತಂದು ಮಹಡಿಯ ಮೇಲೆ ಡ್ರಮ್ಮಿನಲ್ಲಿ ನೆಟ್ಟರು. "ಮದುವೆ ಆದಾಗಿಂದ ನೀವು ಮಾಡಿದ ಒಂದೇ ಒಳ್ಳೆ ಕೆಲಸ" ಎಂದಳು ಹೆಂಡತಿ. ಹೊಗಳಿಕೆ ತಲೆಗೇರಿತು. ನರ್ಸರಿಯಿಂದ ಇನ್ನೆರಡು ತಳಿಯ ಕಡ್ಡಿ ತಂದು ಪಕ್ಕದ ಡ್ರಮ್ಮುಗಳಲ್ಲಿ ಊರಿ, ಗುರುತಿಗೆಂದು ಮೂರರ ಮೇಲೂ ಹೆಸರು ಬರೆದರು; ಹಳೇ ಮನೆಯದಕ್ಕೆ 'ಅತ್ತೆ' ಎಂದು. ಬರೆದದ್ದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ. ಬಿಸಿಲು ನೋಡಿ ಡ್ರಮ್ಮುಗಳನ್ನು ಅದಲುಬದಲು ಮಾಡಿಟ್ಟು ಮೊದಲನೇ ಸಲ ನೀರು ಹಾಕುವಾಗಲೇ ಮೂರೂ ಹೆಸರು ಅಳಿಸಿ, ಅತ್ತೆ ತೊಳೆದುಹೋದರು.

ಇದನ್ನು ಹೆಂಡತಿಗೆ ಹೇಳುವ ಧೈರ್ಯ ಯಾರಿಗಿದೆ? ಎಲೆ ಬಂದರೆ ಗೊತ್ತಾಗುತ್ತದೆ ಎಂದುಕೊಂಡರು. ಎಲೆ ಬಂತು. ಒಂದೇ ಗಿಡದಲ್ಲಿ ಒಂದೆಲೆ ಅಂಗೈಯಂತೆ ಸೀಳಿತ್ತು, ಪಕ್ಕದ್ದು ತಟ್ಟೆಯಂತೆ ದುಂಡಗಿತ್ತು. ಹಣ್ಣು ಬಿಟ್ಟಾಗ ನರ್ಸರಿಯವನ ಹತ್ತಿರ ಒಯ್ದರು. ಅವನು ಥಟ್ಟನೆ ಒಂದು ಹೆಸರು ಹೇಳಿದ. ಕೆಲವು ತಿಂಗಳು ಬಿಟ್ಟು ಅದೇ ಗಿಡದ ಹಣ್ಣು ಒಯ್ದರೆ ಇನ್ನೊಂದು ಹೆಸರು.

"ಹೋದ ಸಲ ಬೇರೆ ಹೆಸರು ಅಂದ್ರಲ್ಲ?"

"ಹೋದ ಸಲ ಹಣ್ಣೂ ಬೇರೆ ಥರ ಇತ್ತಲ್ಲ ಮಾಸ್ಟ್ರೇ. ಬಿಸಿಲು ಬದಲಾದ್ರೆ ಇದೂ ಬದಲಾಗತ್ತೆ. ಹೆಸರು ಅಂತೀರಾ, ನನಗೆ ಮಾರಿದವನು ಹೇಳಿದ್ದನ್ನ ನಾನು ಹೇಳ್ತೀನಿ."

ಉಳಿದದ್ದು ಹೆಂಡತಿಯ ನಾಲಿಗೆ. ಮಾಸ್ಟರು ಮೂರೂ ಗಿಡದಿಂದ ಚೆನ್ನಾಗಿ ಮಾಗಿದ ಹಣ್ಣು ಆರಿಸಿ, ದಿನಕ್ಕೊಂದರಂತೆ, ಪ್ರತಿ ಸಲವೂ "ನಿಮ್ಮಮ್ಮನ ಗಿಡದ್ದು" ಎಂದು ಕೊಟ್ಟರು.

"ಚೆನ್ನಾಗಿದೆ. ಆದ್ರೆ ಅಮ್ಮನದು ಹೀಗಿರ್ಲಿಲ್ಲ" ಎಂದಳು. ಮೂರಕ್ಕೂ ಅದೇ ಮಾತು.

ಅವತ್ತು ಆತುರದಲ್ಲಿ ಪಕ್ಕದ ಮನೆಯವರ ಮರದ ಕಡ್ಡಿಯನ್ನೇ ಕತ್ತರಿಸಿದೆನೋ ಎಂದು ಮಾಸ್ಟರ ತಲೆ ಕೆಟ್ಟು ಮೊಸರುಗಡಿಗೆಯಾಯಿತು.

ಒಂದು ಬೆಳಿಗ್ಗೆ ಇಬ್ಬರೂ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಗಾಳಿಗೆ ನಡುವಿನ ಡ್ರಮ್ಮಿನಿಂದ ಹಸಿರು ಕಾಯೊಂದು ಬಿತ್ತು. ಹೆಂಡತಿ ಅದನ್ನು ಒರೆಸಿ ಕಚ್ಚಿದಳು. ಕಚ್ಚಿದವಳು ಅಲ್ಲೇ ಕೂತುಬಿಟ್ಟಳು.

"ಇದೇ ಕಣ್ರೀ."

"ಅದು ಕಾಯಿ ಕಣೇ."

"ಹಣ್ಣಾಗಕ್ಕೆ ಯಾರು ಬಿಡ್ತಿದ್ರು? ಅಣ್ಣಂದಿರ ಕೈಗೆ ಸಿಗೋ ಮುಂಚೆ ಕಾಯೇ ಕಿತ್ತು ತಿಂತಿದ್ದೆ. ಅದರ ಹಾಲು ತಾಗಿ ತುಟಿ ಉರಿಯೋದು. ಅಮ್ಮ ಬೈಕೊಂಡೇ ಎಣ್ಣೆ ಹಚ್ಚೋಳು."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಮಾಸ್ಟರಿಗೆ ಒಂದು ಕಡೆ ಸಂಕಟ, ಇನ್ನೊಂದು ಕಡೆ ಹೋದ ಜೀವ ಬಂದಷ್ಟು ಖುಷಿ.

ಸಂಜೆ ಆಯಿಲ್ ಪೇಂಟಿನ ಡಬ್ಬಿ ಹಿಡಿದು ಮೇಲೆ ಹೋದರು. ನಡುವಿನ ಡ್ರಮ್ಮಿಗೆ ಬ್ರಷ್ ತಾಗಿಸುವ ಮುನ್ನ ಏನೋ ಕೊರೆಯಿತು. ಅದರದೊಂದು ಕಾಯಿ ಕಿತ್ತು ಕಚ್ಚಿದರು. ಆಮೇಲೆ ಎಡಗಡೆಯದ್ದು, ಆಮೇಲೆ ಬಲಗಡೆಯದ್ದು. ಮೂರರದ್ದೂ ಅದೇ ಒಗರು, ಅದೇ ಹಾಲು, ಅದೇ ಉರಿ.

ಹೆಂಡತಿ ಹತ್ತಿ ಬಂದಾಗ ಮೂರು ಡ್ರಮ್ಮಿನ ಮೇಲೂ ದಪ್ಪಕ್ಷರದಲ್ಲಿ 'ಅತ್ತೆ' ಎಂದಿತ್ತು. ಅವಳು ಡ್ರಮ್ಮುಗಳನ್ನು ನೋಡಿದಳು, ಗಂಡನ ಊದಿದ ತುಟಿ ನೋಡಿದಳು.

"ಮೂರೂ ತಿಂದ್ರಾ?"

"ಹೂಂ."

ಅವಳು ಕೆಳಗೆ ಹೋಗಿ ಎಣ್ಣೆ ಬಾಟ್ಲಿ ತಂದಳು. "ಬುದ್ಧಿ ಬೇಡ್ವಾ? ಕಾಯಿ ಯಾರಾದ್ರೂ ತಿಂತಾರಾ?" ಎಂದು ಬೈಯುತ್ತಲೇ ಗಂಡನ ತುಟಿಗೆ ಹಚ್ಚಿದಳು.