ಬೆರಳು ಮೇಷ್ಟ್ರು ಕೈ ಜೇಬಿಗೆ ಹಾಕಿದ್ದು

ಮೂವತ್ತನಾಲ್ಕು ವರ್ಷ ಒಂದೇ ಪಾಠ ಹೇಳುತ್ತ ಬಂದವರಿಗೆ ಆ ಪಾಠದ ಮೇಲೆ ಭಕ್ತಿಯಾದರೂ ಹುಟ್ಟಬೇಕು, ಜಿಗುಪ್ಸೆಯಾದರೂ ಹುಟ್ಟಬೇಕು. ಬೆರಳು ಮೇಷ್ಟ್ರಿಗೆ ಹುಟ್ಟಿದ್ದು ಮಂಡಿನೋವು. ಅವರ ಇಂಗ್ಲಿಷ್ ಕ್ಲಾಸು ಇದ್ದದ್ದು ಮೂರನೇ ಮಹಡಿಯಲ್ಲಿ. ಐವತ್ತೆರಡು ಮೆಟ್ಟಿಲು. ಮೊದಲ ಇಪ್ಪತ್ತು ವರ್ಷ ಅವರು ಅದನ್ನು ಎಣಿಸಿಯೇ ಇರಲಿಲ್ಲ. ಈಗ ದಿನವೂ ಎಣಿಸುತ್ತಿದ್ದರು, ಒಂದಾದರೂ ಕಡಿಮೆಯಾಗಿರಬಹುದು ಎಂಬ ದುರಾಸೆಯಿಂದ.

ಅವರು ಮುಖ್ಯವಾಗಿ ಕಲಿಸುತ್ತಿದ್ದದ್ದು ಕರ್ತೃವಿಗೆ ಕ್ರಿಯಾಪದವನ್ನು ಹೊಂದಿಸುವ ಕೆಲಸ. ಕೇಳುವುದಕ್ಕೆ ಸಣ್ಣ ವಿಷಯ. ನಮ್ಮ ಮಾತಿನಲ್ಲಿ ಅವನು ಬರುತ್ತಾನೆ, ಅವಳು ಬರುತ್ತಾಳೆ, ಅವರು ಬರುತ್ತಾರೆ, ನಾಯಿ ಬರುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಬಾಲ. ಇಷ್ಟೊಂದು ಬಾಲಗಳನ್ನು ಮೂರು ವರ್ಷದ ಮಗು ಕೂಡ ಸರಿಯಾದ ಜಾಗಕ್ಕೇ ಅಂಟಿಸುತ್ತದೆ. ಇಂಗ್ಲಿಷಿನಲ್ಲಿ ಇರುವುದು ಒಂದೇ ಒಂದು ಎಸ್. ಒಂದೇ ಕೊಡೆ ಇರುವ ಮನೆಯ ಹಾಗೆ. ನಾಯಿ ಒಂದೇ ಇದ್ದರೆ ಬೊಗಳುವಿಕೆ ಕೊಡೆ ಹಿಡಿದುಕೊಂಡು ಹೋಗುತ್ತದೆ. ನಾಯಿಗಳು ಹಲವಾದರೆ ಕೊಡೆಯನ್ನು ನಾಯಿಗಳೇ ಇಟ್ಟುಕೊಳ್ಳುತ್ತವೆ, ಬೊಗಳುವಿಕೆ ನೆನೆದುಕೊಂಡು ಹೋಗುತ್ತದೆ. ಡಾಗ್ ಬಾರ್ಕ್ಸ್, ಡಾಗ್ಸ್ ಬಾರ್ಕ್. ಇಷ್ಟೇ. ಈ ಇಷ್ಟೇ ಎನ್ನುವುದನ್ನು ಹೇಳುವುದರಲ್ಲಿ ಒಬ್ಬ ಮನುಷ್ಯನ ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು.

ಬೆರಳು ಎಂಬ ಹೆಸರು ಬಂದದ್ದು ಒಂದು ಗಂಟಲುನೋವಿನಿಂದ. ಕೆಲಸಕ್ಕೆ ಸೇರಿದ ಐದನೇ ವರ್ಷ ಮೇಷ್ಟ್ರ ಸ್ವರ ಕಟ್ಟಿಹೋಗಿ, ಡಾಕ್ಟರು ಒಂದು ತಿಂಗಳು ಬಾಯಿ ಬಿಡಬೇಡಿ ಅಂದರು. ಆಗ ಅವರು ಬೋರ್ಡಿನ ಮೇಲೆ ವಾಕ್ಯ ಬರೆದು, ಕರ್ತೃ ಒಂದಾದರೆ ಒಂದು ಬೆರಳು ಎತ್ತುವುದು, ಹಲವಾದರೆ ಅಂಗೈ ಅಗಲಿಸುವುದು ಶುರುಮಾಡಿದರು. ಬೆರಳು ಕಂಡರೆ ಮಕ್ಕಳು ಎಸ್ ಸೇರಿಸಿ ಕೂಗಬೇಕು, ಅಂಗೈ ಕಂಡರೆ ಎಸ್ ಬಿಟ್ಟು ಕೂಗಬೇಕು. ಮಕ್ಕಳು ಎಷ್ಟು ಚೆನ್ನಾಗಿ ಕೂಗಿದರೆಂದರೆ ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರು ಬಾಗಿಲಿಗೆ ಬಂದು ನೋಡಿಕೊಂಡು ಹೋದರು. ಗಂಟಲು ವಾಸಿಯಾಯಿತು. ಬೆರಳು ಉಳಿಯಿತು.

ಪರೀಕ್ಷೆಯಲ್ಲಿ ಮಾತ್ರ ಅದೇ ಮಕ್ಕಳು ಪುಟದ ತುಂಬ ತಪ್ಪು ಬರೆಯುತ್ತಿದ್ದರು. “ಗಾಬರಿ,” ಎನ್ನುತ್ತಿದ್ದರು ಮೇಷ್ಟ್ರು. “ಪರೀಕ್ಷೆ ಅಂದ್ರೆ ಮಕ್ಕಳಿಗೆ ಗಾಬರಿ. ಕ್ಲಾಸಲ್ಲಿ ಬಂದು ನೋಡಿ ಬೇಕಾದ್ರೆ.” ನೋಡಲು ಬಂದ ಇನ್ಸ್‌ಪೆಕ್ಟರುಗಳು ಹಿಂದಿನ ಬೆಂಚಿನಲ್ಲಿ ಕೂತು ನೋಡಿದರು, ತಲೆದೂಗಿದರು, ಸಹಿ ಹಾಕಿ ಹೋದರು. ಹೀಗೆ ಇಪ್ಪತ್ತೊಂಬತ್ತು ವರ್ಷ ಗಾಬರಿಯ ಮೇಲೆಯೇ ಎಲ್ಲ ತಪ್ಪು ಹೊರಿಸಿ ಮೇಷ್ಟ್ರು ನೆಮ್ಮದಿಯಾಗಿದ್ದರು.

ಈ ವರ್ಷ ಅವರಿಗೆ ನಿವೃತ್ತಿ. ಇನ್ಸ್‌ಪೆಕ್ಟರು ಪಾಠ ನೋಡಿ ಒಪ್ಪಿದರೆ ಇನ್ನೆರಡು ವರ್ಷ ಮುಂದುವರಿಸುವ ಅವಕಾಶವಿತ್ತು. ಮೇಷ್ಟ್ರಿಗೆ ಕೆಲಸದ ಆಸೆಯೇನೂ ಇರಲಿಲ್ಲ. ಆಸೆ ಇದ್ದದ್ದು ಮನೆಯದು. ಶಾಲೆಯ ಹಿಂದುಗಡೆ ಎರಡು ಕೋಣೆಯ ಕ್ವಾರ್ಟರ್ಸ್. ಅಲ್ಲಿಂದ ಹೆಂಡತಿ ನರ್ಸಾಗಿದ್ದ ಆಸ್ಪತ್ರೆಗೆ ಏಳು ನಿಮಿಷದ ನಡಿಗೆ. ಆಕೆಯ ನಿವೃತ್ತಿಗೆ ಸರಿಯಾಗಿ ಎರಡು ವರ್ಷ ಬಾಕಿ. ಮೇಷ್ಟ್ರು ನಿವೃತ್ತರಾದರೆ ಕ್ವಾರ್ಟರ್ಸ್ ಬಿಡಬೇಕು. ಬಿಟ್ಟರೆ ಹೆಂಡತಿಯ ಅಕ್ಕನ ಮನೆಯ ಮೇಲಿನ ಕೋಣೆ. ಅಲ್ಲಿಂದ ಆಸ್ಪತ್ರೆಗೆ ಎರಡು ಬಸ್ಸು. ವಾರ್ಡಿನಲ್ಲಿ ದಿನವೆಲ್ಲ ನಿಂತೇ ಇರುವ ಕಾಲುಗಳಿಗೆ ಮತ್ತೆರಡು ಬಸ್ಸು.

“ನನಗೆ ಬಸ್ಸು ಪರವಾಗಿಲ್ಲ ರೀ,” ಎಂದಿದ್ದಳು ಹೆಂಡತಿ, ಊದಿದ ಪಾದಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಬಿಟ್ಟುಕೊಂಡು. “ಬಸ್ಸು ಒಂದು ಜಾಗದಲ್ಲಿ ನಿಲ್ಲುತ್ತೆ. ನಮ್ಮಕ್ಕನ ಬಾಯಿ ನಿಲ್ಲಲ್ಲ.”

ಹೊಸ ಇನ್ಸ್‌ಪೆಕ್ಟರು ಬಂದರು. ಬೂಟು, ಒಂದು ಕಡತ, ಆ ಕಡತ ಹಿಡಿಯುವುದಕ್ಕೆ ಒಬ್ಬ ಗುಮಾಸ್ತ. ತಮ್ಮ ಕೊರಳಿನ ಟೈಗೆ ತಾವೇ ಅಧೀನರಾಗಿದ್ದ ಮನುಷ್ಯ. ಪಕ್ಕಕ್ಕೆ ತಿರುಗಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಅವರು ಹಿಂದಿನ ಬೆಂಚಿನ ಕಡೆ ನೋಡಲೂ ಇಲ್ಲ.

“ನಾನು ನೋಡೋ ಇನ್ಸ್‌ಪೆಕ್ಟರ್ ಅಲ್ಲ, ಮೇಷ್ಟ್ರೇ. ನಾನೇ ಪಾಠ ಮಾಡಿ ಪರೀಕ್ಷೆ ಮಾಡೋನು. ನೀವು ಹಿಂದೆ ಹೋಗಿ ನಿಂತ್ಕೊಳ್ಳಿ.”

ಮೇಷ್ಟ್ರು ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತರು. ಆ ಗೋಡೆಯನ್ನು ಅವರು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

ಇನ್ಸ್‌ಪೆಕ್ಟರು ಬೋರ್ಡಿನ ಮೇಲೆ ನಾಯಿಗಳ ವಾಕ್ಯ ಬರೆದು ಬೊಗಳುವ ಜಾಗ ಖಾಲಿ ಬಿಟ್ಟರು. “ಹೂಂ, ಹೇಳಿ.”

ನಲವತ್ತೆರಡು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು.

“ಇಲ್ಲಿ! ಬೋರ್ಡ್ ಇಲ್ಲಿದೆ!” ತಲೆಗಳು ಮುಂದಕ್ಕೆ ಬಂದವು. ಮತ್ತೆ ಒಂದೊಂದಾಗಿ ಹಿಂದಕ್ಕೆ ಹೊರಳತೊಡಗಿದವು. ಮೇಷ್ಟ್ರ ಕೈ ತನ್ನಷ್ಟಕ್ಕೆ ಏಳಲು ಹೊರಟಿತ್ತು. ಅದನ್ನು ಅವರು ಇನ್ನೊಂದು ಕೈಯಿಂದ ಹಿಡಿದುಕೊಂಡರು.

ಇನ್ಸ್‌ಪೆಕ್ಟರಿಗೆ ರೇಗಿತು. “ಒಂದು! ಒಂದೇ ಒಂದು ವಾಕ್ಯ ಬರಲ್ವಾ ನಿಮಗೆ?” ಎಂದು ತೋರುಬೆರಳು ಎತ್ತಿದರು.

ಹೋದ ಜೀವ ಬಂದಂತಾಯಿತು ಮಕ್ಕಳಿಗೆ. “ಬಾರ್ಕ್ಸ್!” ಎಂದು ಇಡೀ ಕ್ಲಾಸು ಕೂಗಿತು.

ಇನ್ಸ್‌ಪೆಕ್ಟರು ಬೆಚ್ಚಿ, ಸಾಕು ಎಂಬಂತೆ ಅಂಗೈ ಅಗಲಿಸಿದರು.

“ಬಾರ್ಕ್!”

ಅವರು ಗಾಬರಿಯಿಂದ ಬೆರಳನ್ನು ತುಟಿಯ ಮೇಲಿಟ್ಟು ಶ್ ಎಂದರು.

“ಬಾರ್ಕ್ಸ್!”

ಗುಮಾಸ್ತ ಕಡತದ ಹಿಂದೆ ಮುಖ ಮರೆಸಿಕೊಂಡ. ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಸಣ್ಣ ಕೀರಲು ದನಿಗಾಗಿ ಎಲ್ಲರೂ ಅವಳನ್ನು ಪಿಟೀಲು ಎಂದು ಕರೆಯುತ್ತಿದ್ದರು. “ಏನಮ್ಮ ಇದು?” ಎಂದು ಇನ್ಸ್‌ಪೆಕ್ಟರು ಅವಳನ್ನು ಕೇಳಿದರೆ, ಅವಳು ಎದ್ದು ನಿಂತು ಸತ್ಯವನ್ನೇ ಹೇಳಿದಳು. “ಕೈ ಸರಿಯಾಗಿ ತೋರಿಸಿ ಸಾರ್. ನೀವು ಬೇಗ ಬೇಗ ಬದಲಾಯಿಸ್ತೀರಿ.”

ಮೂರು ವಾರ ಬಿಟ್ಟು ಇನ್ನೊಂದು ಸಲ ಬರುವುದಾಗಿ ಹೇಳಿ ಇನ್ಸ್‌ಪೆಕ್ಟರ್ ಸಾಹೇಬರು ಇಳಿದುಹೋದರು.

ಮೇಷ್ಟ್ರು ಆ ದಿನ ಸ್ಟಾಫ್ ರೂಮಿನಲ್ಲಿ ತುಂಬ ಹೊತ್ತು ಕೂತಿದ್ದರು. ಅವಮಾನವಾಗಿತ್ತು ಎಂದರೆ ಅಷ್ಟು ಸರಿಯಲ್ಲ; ಅವಮಾನಕ್ಕೂ ಸ್ವಲ್ಪ ಶಕ್ತಿ ಬೇಕು. ಅವರು ಲೆಕ್ಕ ಹಾಕುತ್ತಿದ್ದರು. ವರ್ಷಕ್ಕೆ ನಲವತ್ತು ಮಕ್ಕಳಂತೆ ಇಪ್ಪತ್ತೊಂಬತ್ತು ವರ್ಷ. ಸಾವಿರಕ್ಕೂ ಮೇಲೆ ಜನ ತಮ್ಮ ಬೆರಳನ್ನು ಕಲಿತು ಹೋಗಿದ್ದಾರೆ. ಅವರೆಲ್ಲ ಈಗ ಎಲ್ಲೆಲ್ಲೋ ಅರ್ಜಿ ಬರೆಯುತ್ತ, ಎಸ್ ಬರುವ ಜಾಗದಲ್ಲಿ ತಲೆಯೆತ್ತಿ ಗೋಡೆ ನೋಡುತ್ತಿರಬಹುದು. ಗಾಬರಿ ಯಾರಿಗೂ ಇರಲಿಲ್ಲ, ಪಾಪ. ಕೈ ಇರಲಿಲ್ಲ, ಅಷ್ಟೇ.

ಹೆಡ್ ಮೇಡಂ ಬಂದು ಎದುರು ಕುರ್ಚಿ ಎಳೆದುಕೊಂಡರು. ಶಾಲೆಯ ಮಾನ ಅವರ ಕೈಚೀಲದಲ್ಲೇ ಇದೆಯೆಂಬಂತೆ ಅದನ್ನು ಸದಾ ಎದೆಗವಚಿಕೊಂಡು ಓಡಾಡುವ ಹೆಂಗಸು.

“ಮೇಷ್ಟ್ರೇ, ಯೋಚನೆ ಮಾಡ್ಬೇಡಿ. ನಿಮ್ಮನ್ನ ಹಿಂದೆ ನಿಲ್ಲಿಸ್ತಾರೆ, ನಿಲ್ಲಿಸ್ಲಿ. ಕೆಮ್ಮಿ.”

“ಕೆಮ್ಮಬೇಕಾ?”

“ಕಿವಿಗೆ ಹಿಂದೆ ಮುಂದೆ ಅಂತ ಇಲ್ವಲ್ಲ. ಒಂದಕ್ಕೆ ಒಂದು ಕೆಮ್ಮು, ಹಲವಕ್ಕೆ ಎರಡು. ನಿಮ್ಮ ವಯಸ್ಸಿಗೆ ಯಾರೂ ಅನುಮಾನ ಪಡಲ್ಲ.”

ಮೇಷ್ಟ್ರು ಮನೆಗೆ ಬಂದು ಹೆಂಡತಿಗೆ ಹೇಳಿದರು. ಆಕೆ ಸಮವಸ್ತ್ರದ ಗುಂಡಿ ಹೊಲಿಯುತ್ತಿದ್ದವಳು ಸೂಜಿ ನಿಲ್ಲಿಸಿದಳು.

“ಕೆಮ್ಮಿದ್ರೆ ಮನೆ ಉಳಿಯುತ್ತಾ? ನಮ್ಮ ವಾರ್ಡಲ್ಲಿ ದಿನಾ ಮೂವತ್ತು ಜನ ಕೆಮ್ತಾರೆ. ಯಾರಿಗೂ ಕ್ವಾರ್ಟರ್ಸ್ ಕೊಟ್ಟಿದ್ದು ಕಾಣೆ.”

“ತಮಾಷೆ ಮಾಡ್ಬೇಡ ಕಣೆ. ನಿನ್ನ ಕಾಲು ನೋಡ್ಕೊ.”

“ನನ್ನ ಕಾಲು ನನ್ನ ಹತ್ರ ಇದೆ. ಅದನ್ನ ನಿಮ್ಮ ಗಂಟಲಿಗೆ ಯಾಕೆ ಕಟ್ತೀರಿ?” ಅಂದಳು. ಮತ್ತೆ ಸೂಜಿ ಎಳೆಯುತ್ತ, ದನಿ ತಗ್ಗಿಸಿ, “ಎರಡು ವರ್ಷ ಸಿಕ್ಕಿದ್ರೆ ಒಳ್ಳೇದೇ. ಇಲ್ಲ ಅಂತ ಹೇಳಲ್ಲ,” ಎಂದೂ ಸೇರಿಸಿದಳು. ಮೇಷ್ಟ್ರಿಗೆ ತಮಾಷೆಗಿಂತ ಈ ಎರಡನೇ ಮಾತೇ ಎದೆಯಲ್ಲಿ ಕೂತಿತು.

ಮಾರನೆಯ ದಿನ ಅವರು ಹಿಂದಿನ ಗೋಡೆಯ ಬಳಿ ನಿಂತು ಕೆಮ್ಮಿದರು. ಮಕ್ಕಳು ಅರ್ಧ ಗಂಟೆಯಲ್ಲಿ ಕಲಿತುಬಿಟ್ಟರು. ಬೋರ್ಡು ನೋಡುವ ಕಷ್ಟವೂ ತಪ್ಪಿದ್ದರಿಂದ ಕೆಲವರು ಕಿಟಕಿಯಾಚೆ ನೋಡುತ್ತಲೇ ಸರಿ ಉತ್ತರ ಕೂಗಿದರು. ಇಪ್ಪತ್ತಕ್ಕೆ ಇಪ್ಪತ್ತು. ಬಾಗಿಲಲ್ಲಿ ನಿಂತು ನೋಡಿದ ಹೆಡ್ ಮೇಡಂ ಕೈಚೀಲದ ಹಿಡಿತ ಸಡಿಲಿಸಿದರು.

ಗಂಟೆ ಹೊಡೆದ ಮೇಲೆ ಪಿಟೀಲು ಮೇಜಿನ ಹತ್ತಿರ ಬಂದಳು.

“ಸಾರ್, ನಿಮಗೆ ನಿಜವಾಗ್ಲೂ ಕೆಮ್ಮು ಬಂದ್ರೆ ನಾವು ಏನು ಹೇಳ್ಬೇಕು?”

ಮೇಷ್ಟ್ರು ಅವಳನ್ನೇ ನೋಡಿದರು. ಅಧಿಕಪ್ರಸಂಗ ಇರಲಿಲ್ಲ ಆ ಮುಖದಲ್ಲಿ. ಅವಳಿಗೆ ನಿಜವಾಗಿಯೂ ಚಿಂತೆಯಾಗಿತ್ತು. ಮೂವತ್ತನಾಲ್ಕು ವರ್ಷದ ಆಯಾಸವೆಲ್ಲ ಒಂದೇ ಸಲ ಹೆಗಲ ಮೇಲೆ ಬಂದು ಕೂತಂತಾಗಿ ಅವರು ಮೇಜಿಗೆ ಆತುಕೊಂಡರು. ಎರಡು ವರ್ಷ ಕೆಮ್ಮುತ್ತ ಬದುಕಬೇಕು. ದಿನಕ್ಕೆ ಐದು ಪೀರಿಯಡ್ಡು. ಅದಕ್ಕಿಂತ ಹೆಂಡತಿಯ ಅಕ್ಕನ ಬಾಯಿ ವಾಸಿಯೇನೋ.

“ನಾಳೆಯಿಂದ ಕೆಮ್ಮಲ್ಲ,” ಎಂದರು. “ಹೋಗು, ಮನೆಗೆ ಹೋಗು.”

ಮಾರನೆಯ ದಿನದಿಂದ ಅವರು ಎರಡೂ ಕೈ ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಪಾಠ ಮಾಡಿದರು. ಕೈಯಿಲ್ಲದೆ ಮಾತಾಡುವುದು ಅವರಿಗೇ ಬರುತ್ತಿರಲಿಲ್ಲ. ಹೇಳಬೇಕಾದ ಮಾತು ಭುಜದಲ್ಲಿ ಕುಣಿಯುತ್ತಿತ್ತು. ಮಕ್ಕಳು ಭುಜ ನೋಡತೊಡಗಿದರು. ಮೇಷ್ಟ್ರು ಗೋಡೆ ಕಡೆ ತಿರುಗಿ ನಿಂತರು. “ಯಾರು ಮಾಡ್ತಿರೋದು? ಎಷ್ಟು ಜನ? ನನ್ನ ಬೆನ್ನು ನೋಡ್ಬೇಡಿ, ಅದಕ್ಕೆ ಇಂಗ್ಲಿಷ್ ಬರಲ್ಲ. ವಾಕ್ಯ ನೋಡಿ.” ಮೊದಲ ದಿನ ಇಪ್ಪತ್ತಕ್ಕೆ ಮೂರು ಸರಿಯಾದವು. ಆ ಮೂರೂ ಅದೃಷ್ಟದ್ದು. ಎರಡನೇ ವಾರದ ಕೊನೆಗೆ ಎಂಟು. ಹೆಡ್ ಮೇಡಂ ಮತ್ತೆ ಬಾಗಿಲಲ್ಲಿ ನಿಂತು, ಕೈಚೀಲವನ್ನು ಮೊದಲಿಗಿಂತ ಬಿಗಿಯಾಗಿ ಅಪ್ಪಿಕೊಂಡು ಹೋದರು.

ಇನ್ಸ್‌ಪೆಕ್ಟರು ಹೇಳಿದ ದಿನಕ್ಕೇ ಬಂದರು. ಈ ಸಲ ಬುದ್ಧಿವಂತಿಕೆಯಿಂದ ಕೈಗಳನ್ನು ಹಿಂದೆ ಕಟ್ಟಿಕೊಂಡೇ ಒಳಗೆ ಬಂದರು. ಮೇಷ್ಟ್ರು ಹಿಂದಿನ ಗೋಡೆಗೆ ಹೋಗಿ ನಿಂತರು. ಅವರ ಕೈ ಜೇಬಿನಲ್ಲಿ, ಸಾಹೇಬರ ಕೈ ಬೆನ್ನ ಹಿಂದೆ. ನೋಡಿದವರಿಗೆ ಇಬ್ಬರೂ ಏನನ್ನೋ ಕದ್ದು ಅಡಗಿಸಿಕೊಂಡ ಹಾಗಿತ್ತು.

ಉತ್ತರಗಳು ಬಂದವು, ಆದರೆ ಎತ್ತಿನ ಗಾಡಿಯಷ್ಟು ನಿಧಾನವಾಗಿ. ಕೆಲವು ತಪ್ಪು. ಕೆಲವು ಸರಿ. ಹತ್ತೊಂಬತ್ತನೇ ವಾಕ್ಯ ಪೆನ್ಸಿಲ್‌ಗಳ ಪೆಟ್ಟಿಗೆಯದು: ಪೆನ್ಸಿಲ್‌ಗಳಿರುವ ಒಂದು ಪೆಟ್ಟಿಗೆ ಮೇಜಿನ ಮೇಲಿದೆ ಎಂದು ಇಂಗ್ಲಿಷಿನಲ್ಲಿ. ಈಸ್ ಹಾಕಬೇಕೋ ಆರ್ ಹಾಕಬೇಕೋ ಎಂದು ಸಾಹೇಬರು ಪಿಟೀಲನ್ನು ಎಬ್ಬಿಸಿ ನಿಲ್ಲಿಸಿದರು.

ಅದೇ ಹೊತ್ತಿಗೆ ಮೇಷ್ಟ್ರ ಗಂಟಲಲ್ಲಿ ಸೀಮೆಸುಣ್ಣದ ಪುಡಿ ಕೆರೆಯಿತು. ನಿಜವಾದ ಕೆಮ್ಮು. ಉತ್ತರ ಈಸ್, ಅಂದರೆ ಒಂದು ಕೆಮ್ಮು; ಎಷ್ಟು ಸಲೀಸಾಗಿ ಬಂದು ನಿಂತಿತ್ತು ನೋಡಿ. ಒಮ್ಮೆ ಕೆಮ್ಮಿದರೆ ಯಾವ ದೇವರೂ ತಪ್ಪೆನ್ನುತ್ತಿರಲಿಲ್ಲ. ಮೇಷ್ಟ್ರು ಉಸಿರು ಬಿಗಿಹಿಡಿದರು. ಕಣ್ಣಲ್ಲಿ ನೀರು ತುಂಬಿತು, ಕಿವಿ ಕೆಂಪಾಯಿತು. ಮುಂದೆ ಪಿಟೀಲು ತುಟಿಯಲ್ಲೇ ಮಣಮಣ ಎನ್ನುತ್ತಿದ್ದಳು: ಯಾರು ಇರೋದು, ಪೆನ್ಸಿಲಾ, ಪೆಟ್ಟಿಗೆಯಾ. ಸಾಹೇಬರು ಗಡಿಯಾರ ನೋಡಿಕೊಂಡರು. ಮತ್ತೊಮ್ಮೆ ನೋಡಿಕೊಂಡರು.

“ಈಸ್,” ಎಂದಳು ಪಿಟೀಲು. “ಪೆಟ್ಟಿಗೆ ಒಂದೇ ಸಾರ್. ಪೆನ್ಸಿಲು ಒಳಗಡೆ ಎಷ್ಟಾದ್ರೂ ಇರ್ಲಿ.”

ಮೇಷ್ಟ್ರು ಬಾಗಿಲು ತೆರೆದು ಓಡಿ, ಜಗಲಿಯ ಕೊನೆಯಲ್ಲಿ ನಿಂತು ಎಡೆಬಿಡದೆ ಕೆಮ್ಮಿದರು. ಅವರು ಮರಳಿ ಬರುವಷ್ಟರಲ್ಲಿ ಇಪ್ಪತ್ತನೆಯದೂ ಮುಗಿದು ಸಾಹೇಬರು ಬರೆಯುತ್ತಿದ್ದರು. ಇಪ್ಪತ್ತಕ್ಕೆ ಹನ್ನೊಂದು.

“ಮೇಷ್ಟ್ರೇ, ಆ ಹುಡುಗಿ ಒಂದು ಪ್ರಶ್ನೆಗೆ ಎರಡೂವರೆ ನಿಮಿಷ ತಗೊಂಡ್ಲು. ಪರೀಕ್ಷೇಲಿ ಅರ್ಧ ನಿಮಿಷ ಕೊಡ್ತಾರೆ.”

“ಹೌದು ಸಾರ್,” ಎಂದರು ಮೇಷ್ಟ್ರು. “ನಾನೂ ನಿಧಾನವಾಗೇ ಕಲಿತೆ. ಮೂವತ್ತನಾಲ್ಕು ವರ್ಷ ಆಯ್ತು.”

ಸಾಹೇಬರಿಗೆ ಅದು ಅರ್ಥವಾಗಲಿಲ್ಲ, ಆದರೆ ಅರ್ಥವಾದವರಂತೆ ತಲೆಯಾಡಿಸಿ ‘ಕಲಿಕೆ ನಿಧಾನ, ಮುಂದುವರಿಸಲು ಶಿಫಾರಸು ಇಲ್ಲ’ ಎಂದು ಬರೆದು ಸಹಿ ಹಾಕಿದರು. ಸಹಿ ಮಾತ್ರ ಬಹಳ ಚೆಂದವಾಗಿತ್ತು.

ಹೆಂಡತಿ ಸುದ್ದಿ ಕೇಳಿದಳು. ಎದ್ದು ಹೋಗಿ ಬಸ್ಸುಗಳ ವೇಳಾಪಟ್ಟಿ ಇದ್ದ ಹಳೆಯ ಕಾಗದ ಹುಡುಕಿ ತಂದು, ಕನ್ನಡಕ ಹಾಕಿಕೊಂಡು ಓದಿದಳು. “ಆರೂ ಇಪ್ಪತ್ತಕ್ಕೆ ಒಂದಿದೆ,” ಎಂದಳು. “ಅಷ್ಟು ಹೊತ್ತಿಗೆ ನಮ್ಮಕ್ಕ ಎದ್ದಿರಲ್ಲ. ಅದೊಂದು ಪುಣ್ಯ.” ಆಮೇಲೆ ಪಾದಗಳನ್ನು ಮೇಷ್ಟ್ರ ತೊಡೆಯ ಮೇಲಿಟ್ಟು ಕಣ್ಣುಮುಚ್ಚಿದಳು. ಮೇಷ್ಟ್ರು ಒತ್ತಿದರು.

ವರ್ಷ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಮಾರನೆಯ ಬೆಳಿಗ್ಗೆ ಮೇಷ್ಟ್ರು ಮೂರನೇ ಮಹಡಿ ಹತ್ತಿ ಬಂದು ಸೀಮೆಸುಣ್ಣ ಕೈಗೆತ್ತಿಕೊಂಡರೆ, ಹಿಂದಿನ ಬೆಂಚಿನಿಂದ ಒಬ್ಬ ರಾಗ ಎಳೆದ. “ಸಾರ್, ಸಾಹೇಬ್ರು ಬಂದು ಹೋದ್ರಲ್ಲಾ, ಇನ್ನೂ ಇದೇನಾ?”

“ಒಂಬತ್ತು ತಪ್ಪಾಗಿದ್ವು,” ಎಂದರು ಮೇಷ್ಟ್ರು. “ಅವೇನು ಸಾಹೇಬ್ರ ಜೊತೆ ಹೋಗಿಲ್ಲ. ಇಲ್ಲೇ ಇವೆ.”

ಒಂಬತ್ತರಲ್ಲಿ ಮೊದಲನೆಯದನ್ನು ಬೋರ್ಡಿನ ಮೇಲೆ ಬರೆದು, ಮೂಲೆಯಲ್ಲಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತರು. ಇಷ್ಟು ವರ್ಷಗಳಲ್ಲಿ ಅವರು ಕ್ಲಾಸಿನಲ್ಲಿ ಕೂತದ್ದು ಅದೇ ಮೊದಲು. ಉತ್ತರ ಬರುವುದಕ್ಕೆ ಹೊತ್ತು ಹಿಡಿಯುತ್ತದೆ ಎಂಬುದು ಈಗ ಅವರಿಗೆ ಗೊತ್ತಾಗಿತ್ತು.